ಡೆಲ್ಫೀನ್ ಮರೆತ ನಾಲ್ಕು ಸಾಲು

ಅಮೆರಿಕದ ದಕ್ಷಿಣ ಭಾಗದ ಟಾಲಿವರ್ ಊರಿನಲ್ಲಿ ಡೆಲ್ಫೀನ್ ಟಾಲ್ಬರ್ಟ್ ಎರಡು ಕಾರಣಕ್ಕೆ ಹೆಸರುವಾಸಿ. ಒಂದು, ಅವಳು ಮೂವತ್ತೆಂಟು ವರ್ಷದಿಂದ ಟೀವಿಯಲ್ಲೂ ಸಿನಿಮಾದಲ್ಲೂ ಬರುತ್ತಿದ್ದಾಳೆ. ಎರಡು, ಐದು ವರ್ಷದವಳಿದ್ದಾಗ ಮೌಂಟ್ ಪಿಸ್ಗಾ ಚರ್ಚಿನ ವೇದಿಕೆಯ ಮೇಲೆ ಈಸ್ಟರ್ ಪದ್ಯ ಮರೆತು, ಬಿಗಿಯಾಗಿದ್ದ ಹೊಸ ಬೂಟನ್ನು ಅಲ್ಲೇ ಕಳಚಿ ಬಿಟ್ಟು ಓಡಿಹೋಗಿದ್ದಳು. ಹೊರಗಿನ ಊರಿನವರಿಗೆ ಮೊದಲನೆಯದೇ ಮುಖ್ಯ. ಟಾಲಿವರಿನವರಿಗೆ ಹಾಗಲ್ಲ. ಅವಳು ಟೀವಿಯಲ್ಲಿ ನ್ಯಾಯಾಧೀಶೆಯಾಗಿ ಸುತ್ತಿಗೆ ಬಡಿಯುತ್ತಿದ್ದರೆ ಇಲ್ಲಿ ಯಾರಾದರೊಬ್ಬರು, "ಇವಳೇ ನೋಡು, ಬೂಟು ಬಿಟ್ಟು ಓಡಿದೋಳು" ಅನ್ನದೆ ಇರುವುದಿಲ್ಲ.

ಏಸು ಗೋರಿಯಿಂದ ಎದ್ದು ಬಂದ ಹಬ್ಬದ ಈ ಈಸ್ಟರ್ ಪದ್ಯ ಅಂದರೆ ಆ ಚರ್ಚಿನಲ್ಲಿ ಮಕ್ಕಳಾಟವಲ್ಲ. ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಯೂಲಾ ಕ್ರಂಪ್ ಎಲ್ಲ ಮಕ್ಕಳಿಗೂ ಚೀಟಿ ಹಂಚುತ್ತಾಳೆ. ಮೂರು ವರ್ಷದವರಿಗೆ ಒಂದು ಸಾಲು, ಐದು ವರ್ಷದವರಿಗೆ ನಾಲ್ಕು, ಹತ್ತು ದಾಟಿದವರಿಗೆ ಒಂದಿಡೀ ಪುಟ. ಪದ್ಯಗಳೆಲ್ಲ ಅವಳೇ ಕಟ್ಟಿದ್ದು. ಭಾನುವಾರ ಒಬ್ಬೊಬ್ಬರೇ ಮುಂದೆ ಹೋಗಿ, ಕೈಯಲ್ಲಿ ಕಾಗದವಿಲ್ಲದೆ, ಕೊನೆಯ ಬೆಂಚಿಗೂ ಕೇಳಿಸುವ ಹಾಗೆ ಹೇಳಬೇಕು. ಮಗು ತಡವರಿಸಿದರೆ ಇಡೀ ಚರ್ಚು ಒಂದೇ ದನಿಯಲ್ಲಿ, "ಪರವಾಗಿಲ್ಲ ಕಣಮ್ಮ, ನಿಧಾನವಾಗಿ ಹೇಳು" ಅನ್ನುತ್ತದೆ. ಅಷ್ಟು ಸಮಾಧಾನ ಹೇಳಿದ ಮೇಲೂ ಓಡಿಹೋದ ಮಗು ಇಷ್ಟು ವರ್ಷದಲ್ಲಿ ಡೆಲ್ಫೀನ್ ಒಬ್ಬಳೇ.

ಓಡಿದ್ದು ಹಾಳಾಗಿ ಹೋಗಲಿ, ಅದರ ಹಿಂದೆಯೇ ನಡೆದದ್ದು ಇನ್ನೂ ಕೆಟ್ಟದ್ದು. ಜ್ಯುವೆಲ್ ಸ್ವಿಂಟ್ ಆಗ ಆರು ವರ್ಷದವಳು, ಮುಂದಿನ ಸರದಿ ಅವಳದು. ಡೆಲ್ಫೀನ್ ಬಾಗಿಲು ದಾಟುತ್ತಿದ್ದ ಹಾಗೆಯೇ ಜ್ಯುವೆಲ್ ಎದ್ದು ಬಂದು, ಅವಳ ನಾಲ್ಕು ಸಾಲನ್ನೂ ಹೇಳಿ, ತನ್ನದನ್ನೂ ಹೇಳಿ, ಲಂಗ ಹಿಡಿದು ಬಾಗಿ ನಮಸ್ಕರಿಸಿ ಹೋಗಿ ಕೂತಳು. ಅದೇ ಜ್ಯುವೆಲ್ ಈಗ ಟಾಲಿವರಿನ ಮೇಯರ್, ಅದೂ ಮೂರನೆಯ ಸಲ. "ಇಬ್ಬರ ಮಾತು ಒಬ್ಬಳೇ ಆಡೋ ಚಾಳಿ ಅವಳಿಗೆ ಆವಾಗಿಂದಲೇ" ಎಂದು ಡೆಲ್ಫೀನ್ ಸಂದರ್ಶನಗಳಲ್ಲಿ ಹೇಳಿ ನಗಿಸುತ್ತಾಳೆ. ನಗುವುದು ಕೇಳಿದವರು ಮಾತ್ರ. ಅವಳಿಗೆ ಅದು ಅರವತ್ತೊಂದು ವರ್ಷವಾದರೂ ಚುಚ್ಚುತ್ತದೆ.

ಈ ವರ್ಷ ಈಸ್ಟರಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅವಳು ಅಟ್ಲಾಂಟಾದಿಂದ ಕಾರಿನಲ್ಲಿ ಊರಿಗೆ ಹೊರಟಿದ್ದಳು. ಕಾರು ಓಡಿಸುತ್ತಿದ್ದವಳು ರೊಷೆಲ್. ಇಪ್ಪತ್ತಾರು ವರ್ಷದಿಂದ ಡೆಲ್ಫೀನಳ ಕೂದಲು ನೋಡಿಕೊಳ್ಳುವವಳು ಅವಳೇ. ಅವಳು ಬರುವ ಮುಂಚೆ ಸ್ಟುಡಿಯೋಗಳಲ್ಲಿ ಕರಿಯರ ಕೂದಲಿಗೆ ಕೈ ಹಾಕಲು ಬರುವವರು ಒಬ್ಬರೂ ಇರಲಿಲ್ಲ. ಬಿಳಿಯ ನಟಿಯರು ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ತಲೆ ಬಾಚಿಸಿಕೊಳ್ಳುವಾಗ ಡೆಲ್ಫೀನ್ ಬೆಳಗಿನ ಜಾವವೇ ಎದ್ದು, ಕಾರಿನ ಕನ್ನಡಿ ನೋಡಿಕೊಂಡು ತನ್ನ ತಲೆ ತಾನೇ ಸರಿಮಾಡಿಕೊಂಡು ಹೋಗುತ್ತಿದ್ದಳು. ಒಂದು ದಿನ ರೇಗಿಹೋಗಿ, "ರೊಷೆಲ್ ಇದ್ದರೆ ನಾನು, ಇಲ್ಲದಿದ್ದರೆ ಇಲ್ಲ" ಎಂದು ಕರಾರಿನಲ್ಲೇ ಬರೆಸಿದಳು. ಅವಳು ಜೀವನದಲ್ಲಿ ಹಟ ಹಿಡಿದು ಬರೆಸಿದ ಷರತ್ತು ಅದೊಂದೇ.

"ಅಕ್ಕ, ಸೋಮವಾರ ಇವೆಟ್‌ಗೆ ಏನಂತ ಹೇಳ್ತೀಯ?" ರೊಷೆಲ್ ಕೇಳಿದಳು.

"ಸೋಮವಾರ ಬರಲಿ ಬಿಡೇ."

"ಬರದೆ ಎಲ್ಲಿ ಹೋಗತ್ತೆ, ನಾಡಿದ್ದೇ ಅಲ್ವಾ?"

ಇವೆಟ್ ಡೆಲ್ಫೀನಳ ಕೆಲಸ ಕುದುರಿಸುವವಳು. ಅವಳು ತಂದಿದ್ದದ್ದು ಶಿಕಾಗೋದ ಒಂದು ನಾಟಕ. ರಾಜ್ಯದ ಶಾಸನಸಭೆಗೆ ಮೊದಲ ಸಲ ಗೆದ್ದು ಬಂದ ಕರಿಯ ಹೆಂಗಸೊಬ್ಬಳ ಕಥೆ, ಎರಡು ಗಂಟೆ, ಆ ಹೆಂಗಸು ರಂಗದಿಂದ ಇಳಿಯುವುದೇ ಇಲ್ಲ. ಡೆಲ್ಫೀನ್ ಇಷ್ಟು ವರ್ಷದಲ್ಲಿ ನರ್ಸಾಗಿದ್ದಳು, ಟೀಚರಾಗಿದ್ದಳು, ನಾಯಕನ ನೆರೆಮನೆಯವಳಾಗಿದ್ದಳು, ಹನ್ನೊಂದು ಸಲ ನ್ಯಾಯಾಧೀಶೆಯಾಗಿದ್ದಳು, ಆಮೇಲೆ ಯಾರ ಯಾರದೋ ಅಜ್ಜಿಯಾಗಿದ್ದಳು. ಎರಡು ಪ್ರಶಸ್ತಿ ಬಂದವು, ಎರಡೂ 'ಪೋಷಕ' ಪಾತ್ರಕ್ಕೆ. ಕಥೆಯೇ ತನ್ನದಾಗಿರುವ ಪಾತ್ರ ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಬಾಗಿಲಿಗೆ ಬಂದಿತ್ತು. ಸೋಮವಾರದೊಳಗೆ ಹೂಂ ಅಥವಾ ಊಹೂಂ ಅನ್ನಬೇಕಿತ್ತು.

ಕಷ್ಟ ಏನೆಂದರೆ, ಅವಳಿಗೆ ಮಾತು ನೆನಪಿರುತ್ತಿರಲಿಲ್ಲ.

ಶುರುವಾಗಿ ಎರಡು ವರ್ಷವಾಗಿತ್ತು. ಮೊದಲು ಒಂದೊಂದು ಪದ, ಆಮೇಲೆ ಸಾಲಿಗೆ ಸಾಲೇ ಮಾಯ. ಕಿವಿ ಮಂದವಾಗಿದೆ ಎಂದು ಸ್ಟುಡಿಯೋದವರಿಗೆ ಹೇಳಿ, ಕಡಲೆಕಾಳಿನಷ್ಟು ಒಂದು ಯಂತ್ರವನ್ನು ಕಿವಿಯೊಳಗೆ ಇಟ್ಟುಕೊಂಡು, ಮೇಲೆ ಕೂದಲು ಇಳಿಬಿಟ್ಟಳು. ರೊಷೆಲ್ ಹೊರಗೆ ವ್ಯಾನಿನಲ್ಲಿ ಕೂತು ಮೈಕಿನಲ್ಲಿ ಸಾಲು ಓದುವಳು, ಇವಳು ಒಳಗೆ ಹೇಳುವಳು. ಯಾರಿಗೂ ಗೊತ್ತಾಗಲಿಲ್ಲ. ಮಾರ್ಚಿನಲ್ಲಿ ಡಾಕ್ಟರು ತಲೆಯ ಚಿತ್ರ ತೆಗೆಸಿ ನೋಡಿ, "ಮರೆವಿನ ಕಾಯಿಲೆ ಶುರುವಾಗಿದೆ, ನಿಧಾನದ್ದು. ಐದು ವರ್ಷವೋ ಹತ್ತೋ ಹೇಳಕ್ಕಾಗಲ್ಲ" ಅಂದರು. ಆ ಕಾಗದ ಅವಳ ಕೈಚೀಲದ ಒಳಜೇಬಿನಲ್ಲಿ ಮಡಚಿಕೊಂಡು ಕೂತಿತ್ತು. ಇವೆಟ್‌ಗೂ ಹೇಳಿರಲಿಲ್ಲ. ಶಿಕಾಗೋದ ನಿರ್ದೇಶಕನಂತೂ ಮೊದಲ ದಿನವೇ, ರಂಗದ ಮೇಲೆ ಯಾರ ಮೈಮೇಲೂ ಮೈಕಾಗಲಿ ತಂತಿಯಾಗಲಿ ಇರಕೂಡದು ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದ.

ಇಂಥ ಹೊತ್ತಿನಲ್ಲಿ ಯೂಲಾ ಕ್ರಂಪಳ ಫೋನು ಬಂದಿತ್ತು. ಯೂಲಾ ಅವಳ ತಾಯಿಯ ಅಕ್ಕ, ಎಂಬತ್ತೆಂಟು ವರ್ಷ. "ಈ ವರ್ಷ ನನ್ನ ಕೊನೇ ಚೀಟಿ ಕಣೇ. ಮುಂದಿನ ವರ್ಷದಿಂದ ಬೇರೆ ಯಾರಾದ್ರೂ ಹಂಚ್ಕೊಳ್ಲಿ. ಮಕ್ಕಳದು ಮುಗಿದ ಮೇಲೆ ದೊಡ್ಡೋರ ಪದ್ಯ ನೀನು ಹೇಳ್ತೀಯ. ಬರಲ್ಲ ಅಂತಿದ್ರೆ ಈಗಲೇ ಹೇಳ್ಬಿಡು, ನನ್ನ ಹೆಣಕ್ಕೂ ಬರಬೇಡ."

ಹಾಗೆ ಅಂದ ಮೇಲೆ ಬಾರದೆ ಇರುವುದು ಹೇಗೆ?

ಅವರು ಹೋದಾಗ ಯೂಲಾ ಅಡುಗೆಮನೆಯಲ್ಲಿ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದಳು. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು. ತಬ್ಬಿಕೊಳ್ಳುವುದು, ಕೆನ್ನೆ ಹಿಂಡುವುದು, ತೆಳ್ಳಗಾಗಿದ್ದೀ ಎಂದು ಬೈಯುವುದು ಎಲ್ಲ ಮುಗಿದ ಮೇಲೆ ಏಪ್ರನ್ನಿನ ಜೇಬಿನಿಂದ ಚೀಟಿ ತೆಗೆದು ಕೊಟ್ಟಳು. ಅದೇ ನೀಲಿ ಶಾಯಿ, ಅದೇ ದುಂಡು ಅಕ್ಷರ. ಹನ್ನೆರಡು ಸಾಲಿತ್ತು.

"ದೊಡ್ಡಮ್ಮ, ಓದಿ ಹೇಳಿದ್ರೆ ಆಗಲ್ವಾ? ಈಗ ಕೊಡ್ತಿದೀಯ, ನಾಳೆ ಹೇಳು ಅಂತೀಯ."

"ಮೂರು ವರ್ಷದ ಕೂಸು ಕಾಗದ ಇಲ್ದೆ ಹೇಳತ್ತೆ. ನಿನಗೆ ಪ್ರಶಸ್ತಿ ಬೇರೆ ಕೊಟ್ಟಿದಾರೆ."

"ಅದಕ್ಕೆಲ್ಲ ತಿಂಗಳುಗಟ್ಟಲೆ ಟೈಮ್ ಇರತ್ತೆ."

"ಜ್ಯುವೆಲ್‌ಗೆ ಹೇಳಿದ್ರೆ ಅರ್ಧ ಗಂಟೇಲಿ ಬಾಯಿಪಾಠ ಮಾಡ್ಕೊಂಡು ಬರ್ತಾಳೆ. ಹೇಳ್ಲಾ?"

ಆ ಹೆಸರು ಎತ್ತಿದರೆ ಸಾಕು ಎಂದು ಯೂಲಾಗೆ ಗೊತ್ತಿತ್ತು. ಡೆಲ್ಫೀನ್ ಚೀಟಿ ಕಿತ್ತುಕೊಂಡು ಹಿಂದಿನ ಜಗಲಿಗೆ ಹೋದಳು. ಸಂಜೆಯವರೆಗೂ ಉಯ್ಯಾಲೆಯ ಮೇಲೆ ಕೂತು ಉರು ಹೊಡೆದಳು. ಮೊದಲ ನಾಲ್ಕು ಸಾಲು ಬಂದರೆ ಮುಂದಿನ ನಾಲ್ಕು ಹೋಗುತ್ತಿತ್ತು, ಮುಂದಿನದು ಬಂದರೆ ಮೊದಲಿನದು. ರೊಷೆಲ್ ಎದುರಿಗೆ ಕೂತು ಎತ್ತಿ ಕೊಡುತ್ತಿದ್ದಳು. ಕೊನೆಗೆ ಡೆಲ್ಫೀನ್ ಚೀಟಿಯನ್ನು ಮಡಚಿ ತೊಡೆಯ ಮೇಲಿಟ್ಟಳು. ಭಯವಾಗಿತ್ತು ಅವಳಿಗೆ. ಟೀವಿಯಲ್ಲಿ ತಪ್ಪಿದರೆ ಇನ್ನೊಂದು ಸಲ ತೆಗೆಯುತ್ತಾರೆ. ಮೌಂಟ್ ಪಿಸ್ಗಾದವರು ಒಂದು ಸಲ ತಪ್ಪಿದ್ದನ್ನು ಅರವತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ.

"ನಾಳೆ ಕಿವೀದು ಹಾಕ್ಬಿಡು," ಅಂದಳು.

"ಚರ್ಚಲ್ಲಾ ಅಕ್ಕ?"

"ನೀನು ಚರ್ಚಿನ ಕಿಟಕಿ ಪಕ್ಕ ಕಾರಲ್ಲಿ ಕೂತ್ಕೊಂಡು, ಒಳಗಿನ ಮಾತು ಕೇಳಿಸ್ಕೊಂಡು ಓದು. ಮೇಲೆ ಟೋಪಿ ಇರತ್ತೆ, ಯಾರಿಗೆ ಕಾಣತ್ತೆ?"

ಭಾನುವಾರ ಬೆಳಿಗ್ಗೆ ರೊಷೆಲ್ ಬೇಸರದಿಂದಲೇ ಯಂತ್ರವನ್ನು ಅವಳ ಎಡಗಿವಿಯಲ್ಲಿ ಕೂರಿಸಿ, ಮೇಲೆ ಹಳದಿ ಟೋಪಿ ಇಟ್ಟು, ಎರಡು ಪಿನ್ನು ಚುಚ್ಚಿದಳು. ಆ ದಿನ ಟೋಪಿಯಿಲ್ಲದ ಹೆಂಗಸೇ ಚರ್ಚಿನಲ್ಲಿ ಇರುವುದಿಲ್ಲ. ನೇರಳೆ, ಬಿಳಿ, ಗುಲಾಬಿ, ಒಂದೊಂದು ಮೊರದಗಲ. ಹಿಂದೆ ಕೂತವರಿಗೆ ಪಾದ್ರಿ ಕಾಣುವುದಿಲ್ಲ. ಹಾಗೆ ಹಿಂದೆ ಕೂತವರೂ ಟೋಪಿ ತೋರಿಸಲೇ ಬಂದಿರುವುದರಿಂದ ಯಾರೂ ದೂರು ಹೇಳುವುದಿಲ್ಲ.

ಬಾಗಿಲಲ್ಲಿ ಯೂಲಾ ನಿಂತಿದ್ದಳು. ಪದ್ಯ ಹೇಳುವವರು ಒಬ್ಬೊಬ್ಬರೂ ಅವಳ ಕೈ ದಾಟಿಯೇ ಒಳಗೆ ಹೋಗಬೇಕು. ಕಾಲರ್ ಸರಿಮಾಡುವಳು, ಮೂಗು ಒರೆಸುವಳು, ಬಾಯಲ್ಲಿ ಚೂಯಿಂಗ್ ಗಮ್ ಇದ್ದರೆ ಅಂಗೈ ಚಾಚುವಳು. ಹದಿನಾರು ಮಕ್ಕಳ ಹಿಂದೆ ಡೆಲ್ಫೀನ್ ಹದಿನೇಳನೆಯವಳಾಗಿ ನಿಂತಳು.

"ಟೋಪಿ ವಾರೆಯಾಗಿದೆ, ಬಗ್ಗು," ಅಂದಳು ಯೂಲಾ.

ಬಗ್ಗಿದಳು. ಯೂಲಾಳ ಬೆರಳು ಟೋಪಿಯ ಅಂಚಿನಿಂದ ಕೂದಲಿಗೆ, ಕೂದಲಿನಿಂದ ಕಿವಿಗೆ ಬಂತು. ಡೆಲ್ಫೀನ್ ತಲೆ ಎಳೆದುಕೊಳ್ಳುವುದರೊಳಗೆ ಯಂತ್ರ ಮುದುಕಿಯ ಅಂಗೈಯಲ್ಲಿತ್ತು. ಅದನ್ನು ಒಂದು ಕ್ಷಣ ನೋಡಿದಳು. ಇದೇನು ಎಂದು ಕೇಳಲಿಲ್ಲ. ಕೈಚೀಲ ತೆರೆದು, ಪೆಪ್ಪರ್‌ಮಿಂಟುಗಳ ಮಧ್ಯೆ ಹಾಕಿ, ಫಟ್ಟನೆ ಮುಚ್ಚಿದಳು.

"ದೊಡ್ಡಮ್ಮ, ಅದು ಕಿವಿ ಕೇಳಿಸೋಕೆ..."

"ನಿನ್ನ ಕಿವಿ ನೆಟ್ಟಗಿದೆ. ಒಳಗೆ ನಡಿ."

ಡೆಲ್ಫೀನ್ ಹೊರಗೆ ಕಾರಿನ ಕಡೆ ನೋಡಿದಳು. ತಿರುಗಿ ಹೋಗೋಣವೆಂದರೆ ಹಿಂದೆ ಜನ, ಮುಂದೆ ಜನ. ಮೊದಲ ಬೆಂಚಿನಲ್ಲಿ ನೇರಳೆ ಟೋಪಿಯ ಜ್ಯುವೆಲ್ ಕೂತಿದ್ದಳು. ಇವಳನ್ನು ಕಂಡು ಪಕ್ಕದ ಜಾಗ ತಟ್ಟಿ, "ಬಾರೇ. ಬೂಟಿನ ಲೇಸು ಗಟ್ಟಿಯಾಗಿ ಕಟ್ಕೊಂಡಿದೀ ತಾನೇ?" ಅಂದಳು. ಸುತ್ತಲಿನ ನಾಲ್ಕು ಟೋಪಿ ನಗುವಿಗೆ ಅಲ್ಲಾಡಿದವು.

"ನಿನ್ನ ಬಾಯಿಗೊಂದು ಲೇಸು ಕಟ್ಕೊಂಡಿದ್ರೆ ಊರು ಉದ್ಧಾರ ಆಗ್ತಿತ್ತು," ಎಂದು ಡೆಲ್ಫೀನ್ ಕೂತಳು. ಕೂತವಳು ಮೊದಲ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದಳು.

ಮಕ್ಕಳು ಒಬ್ಬೊಬ್ಬರಾಗಿ ಹೋದರು. ಒಂದು ಮಗು "ಈಸ್ಟರ್" ಎಂದಷ್ಟೇ ಕೂಗಿ ಕೆಳಗಿಳಿಯಿತು. ಅದಕ್ಕೂ ಚಪ್ಪಾಳೆ. ಇನ್ನೊಂದು ಹೇಳುವುದನ್ನೆಲ್ಲ ಹೇಳಿ, ಕೇಳದಿದ್ದರೂ ಮತ್ತೊಂದು ಸಲ ಹೇಳಿತು. ಅದಕ್ಕೆ ಇನ್ನೂ ದೊಡ್ಡ ಚಪ್ಪಾಳೆ. ಹದಿನಾರನೆಯದು ಮುಗಿಯಿತು. ಪಾದ್ರಿ ಅವಳ ಹೆಸರನ್ನು, ಪ್ರಶಸ್ತಿಗಳನ್ನು, ಹನ್ನೊಂದು ಸಲ ನ್ಯಾಯಾಧೀಶೆಯಾದದ್ದನ್ನು ಎಲ್ಲ ಹೇಳಿ ಕರೆದರು.

ಮೂರು ಮೆಟ್ಟಿಲು ಹತ್ತಿ ನಿಂತಳು. ನಿಲ್ಲುವುದು ಅವಳಿಗೆ ಬರುತ್ತಿತ್ತು, ದನಿ ಬರುತ್ತಿತ್ತು.

"ಮುಂಜಾವ ಹೆಂಗಸರು ಗೋರಿಯ ಬಳಿ ಬಂದರು,
ಸುಗಂಧದ ತೈಲವ ಕೈಯಲ್ಲಿ ತಂದರು..."

ಅಲ್ಲಿಗೆ ನಿಂತಿತು. ಮೂರನೆಯ ಸಾಲು ಇರಬೇಕಾದ ಕಡೆ ಏನೂ ಇರಲಿಲ್ಲ. ಹಿಂದೆ ಸಾಲು ಮರೆತರೆ ಅದರ ತಲೆಯೋ ಬಾಲವೋ ಸಿಗುತ್ತಿತ್ತು. ಈಗ ಅದೂ ಇಲ್ಲ. ಜನರ ಕೈಯ ಬೀಸಣಿಗೆಗಳು ಆಡುವುದು ನಿಂತಿತು.

"ಪರವಾಗಿಲ್ಲ ಕಣಮ್ಮ," ಅಂದಿತು ಹಿಂದಿನ ಬೆಂಚಿನ ಒಂದು ಗಂಡು ದನಿ.

"ನಿಧಾನ ಮಗಳೇ, ನಿಧಾನವಾಗಿ ಹೇಳು."

"ನಮಗೇನೂ ಅವಸರ ಇಲ್ಲ ತಾಯಿ."

ಅರವತ್ತೊಂದು ವರ್ಷದ ಹಿಂದಿನ ಮಾತುಗಳೇ, ಒಂದಕ್ಷರ ಬದಲಾಗಿರಲಿಲ್ಲ. ಡೆಲ್ಫೀನಳ ಕಣ್ಣು ಪಕ್ಕದ ಬಾಗಿಲಿನ ಕಡೆ ಹೋಯಿತು, ಆವತ್ತು ಓಡಿದ್ದು ಅದರಿಂದಲೇ. ಮೊದಲ ಬೆಂಚಿನಲ್ಲಿ ಜ್ಯುವೆಲ್ ಮುಂದಕ್ಕೆ ಸರಿದು ಬಾಯಿ ತೆರೆದಳು. ಅವಳ ಪಕ್ಕಕ್ಕೆ ಬಂದು ಕೂತಿದ್ದ ಯೂಲಾ ನೋಡದೆಯೇ ತೋರುಬೆರಳನ್ನು ಮೇಲೆತ್ತಿದಳು. ಮೇಯರ್ ಬಾಯಿ ಮುಚ್ಚಿದಳು. ಆ ಬೆರಳಿಗೆ ಟಾಲಿವರಿನಲ್ಲಿ ಈಗಲೂ ಅಷ್ಟು ಬೆಲೆ ಇದೆ.

ಆಮೇಲೆ ಯೂಲಾ ಡೆಲ್ಫೀನಳನ್ನೇ ನೋಡುತ್ತಾ ದನಿಯಿಲ್ಲದೆ ತುಟಿ ಆಡಿಸಿದಳು. ಮಕ್ಕಳಿಗೆಲ್ಲ ಅವಳು ಹಾಗೆಯೇ ಎತ್ತಿಕೊಡುವುದು, ಎಲ್ಲರ ಕಣ್ಣೆದುರಿಗೆ. ಡೆಲ್ಫೀನ್ ತುಟಿ ಓದಿದಳು. ಅದು ಮೂರನೆಯ ಸಾಲಲ್ಲ. ಈ ಪದ್ಯವೇ ಅಲ್ಲ. ಮುದುಕಿಗೆ ತಲೆ ಕೆಟ್ಟಿತೇ ಅಂದುಕೊಂಡಳು. ಯೂಲಾ ಮತ್ತೆ ಅದನ್ನೇ ಆಡಿಸಿದಳು. ಡೆಲ್ಫೀನ್ ಬಾಯಿಬಿಟ್ಟಳು.

"ಪುಟ್ಟ ಹುಡುಗಿ ನಾನು, ಪುಟ್ಟ ಮಾತು ನನ್ನದು,
ಹೊಸ ಬೂಟು ಕಾಲಿಗೆ ಸ್ವಲ್ಪ ಬಿಗಿಯಾದುದು.
ಕಲ್ಲು ಉರುಳಿ ಹೋಯ್ತು, ಗೋರಿ ಬರಿದಾಯ್ತು,
ಹೇಳಬಂದ ಸುದ್ದಿಯಷ್ಟೇ, ಹೇಳಿ ಮುಗಿದುಹೋಯ್ತು."

ಒಂದು ಸಾಲೂ ಮುಗ್ಗರಿಸಲಿಲ್ಲ. ಎಲ್ಲಿತ್ತೋ, ಎದ್ದು ಬಂತು.

ಅದು ಐದನೆಯ ವಯಸ್ಸಿನಲ್ಲಿ ಅವಳು ಮರೆತ ಪದ್ಯವೇ. ಎಪ್ಪತ್ತು ದಾಟಿದವರಿಗೆ ಮೊದಲು ತಿಳಿಯಿತು. ಯಾರೋ ಗೊಳ್ಳನೆ ನಕ್ಕರು, ಯಾರೋ ಅಳುತ್ತಾ ಎದ್ದು ನಿಂತರು, ಆರ್ಗನ್ ನುಡಿಸುವವನು ತಡೆಯಲಾರದೆ ನಾಲ್ಕು ಮನೆ ಒತ್ತಿಬಿಟ್ಟ. ಟೋಪಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಆ ಗದ್ದಲದಲ್ಲಿ ಯೂಲಾಳ ಕೈಚೀಲದೊಳಗಿಂದ ರೊಷೆಲ್ಲಳ ದನಿ ಸಣ್ಣಗೆ ಮೂರನೆಯ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದುದು ಯಾರಿಗೂ ಕೇಳಿಸಲಿಲ್ಲ.

ಪ್ರಾರ್ಥನೆಯ ಬಳಿಕ ಕೆಳಗಿನ ಸಭಾಂಗಣದಲ್ಲಿ ಊಟ. ಹುರಿದ ಕೋಳಿ, ಹಂದಿಮಾಂಸ, ಸೊಪ್ಪು, ಚೀಸು ಸುರಿದ ಮ್ಯಾಕರೋನಿ, ಏಳು ಬಗೆಯ ಕೇಕು. ಎಲ್ಲರೂ ಡೆಲ್ಫೀನಳ ಕುರ್ಚಿಯ ಸುತ್ತ ನಿಂತು ಒಂದೇ ಮಾತು ಹೇಳುತ್ತಿದ್ದರು: ಎಂಥಾ ನಟನೆ! ಎರಡು ಸಾಲು ಹೇಳಿ ಮರೆತ ಹಾಗೆ ನಿಂತು, ನಮ್ಮ ಜೀವವನ್ನೆಲ್ಲ ಬಾಯಿಗೆ ತಂದು, ಆಮೇಲೆ ಆ ಹಳೇ ಪದ್ಯ ಬಿಟ್ಟಳಲ್ಲ! ಇದಕ್ಕೇ ಪ್ರಶಸ್ತಿ ಕೊಡೋದು.

"ಮುಖ ನೋಡ್ಬೇಕಿತ್ತು," ಅಂದಳು ಜ್ಯುವೆಲ್, ಕೋಳಿಕಾಲು ಹಿಡಿದುಕೊಂಡು. "ನಿಜವಾಗ್ಲೂ ಮರೆತೇ ಹೋಯ್ತು ಅಂತ ನಾನೇ ಮೋಸಹೋದೆ. ಬೇಕಂತಲೇ ಮಾಡಿದ್ದು ತಾನೇ? ಎಷ್ಟು ದಿನದಿಂದ ಯೋಚನೆ ಮಾಡ್ತಿದ್ಯೇ?"

ಡೆಲ್ಫೀನ್ ನಕ್ಕಳು. ಉತ್ತರವನ್ನು ಅವರೇ ತಟ್ಟೆಗೆ ಬಡಿಸಿಟ್ಟಿದ್ದರು. ಎರಡು ವರ್ಷದ ಗುಟ್ಟಿಗೆ ಇನ್ನಷ್ಟು ವರ್ಷ ಮರೆ ಸಿಕ್ಕಿತ್ತು. ಬಚಾವಾದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

"ಡೆಲ್ಫೀನ್, ತಟ್ಟೆ ತೊಳೆಯೋಕೆ ಬಾ," ಎಂದು ಒಳಗಿಂದ ಯೂಲಾ ಕೂಗಿದಳು.

ಅಡುಗೆಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಯೂಲಾ ತೊಳೆದಳು, ಡೆಲ್ಫೀನ್ ಒರೆಸಿದಳು.

"ದೊಡ್ಡಮ್ಮ, ನನಗೆ ಯಾವ ಪದ್ಯ ಕೊಟ್ಟಿದ್ದೆ ಅನ್ನೋದು ಮರೆತುಹೋಯ್ತಾ ನಿನಗೆ?"

"ನನಗ್ಯಾಕೆ ಮರೆಯತ್ತೆ? ಹೊಸದು ನಿನ್ನ ಕೈಗೆ ಸಿಗಲ್ಲ ಅಂತ ಮುಖದಲ್ಲೇ ಕಾಣ್ತಿತ್ತು. ಹಳೇದು ಎಲ್ಲಿಗೂ ಹೋಗಿರಲ್ಲ ಅಂತ ಅದನ್ನ ಕೊಟ್ಟೆ."

"ಯಾವಾಗ ಗೊತ್ತಾಯ್ತು?"

"ಕ್ರಿಸ್‌ಮಸ್ ದಿವಸ. ಫೋನಲ್ಲಿ ಒಂದೇ ಕಥೇನ ಮೂರು ಸಲ ಹೇಳಿದೆ. ಮೂರು ಸಲಾನೂ ನಕ್ಕೆ ನಾನು." ಯೂಲಾ ಒಂದು ತಟ್ಟೆ ಕೊಟ್ಟಳು. "ನಿಮ್ಮಮ್ಮನಿಗೂ ಹೀಗೇ ಅಲ್ವಾ ಶುರುವಾಗಿದ್ದು?"

ಡೆಲ್ಫೀನ್ ತಟ್ಟೆ ಒರೆಸುತ್ತಲೇ ಇದ್ದಳು, ಅದು ಆಗಲೇ ಒಣಗಿತ್ತು. ತಾಯಿ ಕೊನೆಯ ಆರು ವರ್ಷ ಯೂಲಾಳ ಮನೆಯಲ್ಲೇ ಇದ್ದದ್ದು. ಆಗ ಡೆಲ್ಫೀನಳಿಗೆ ಆಸ್ಪತ್ರೆಯ ಧಾರಾವಾಹಿಯೊಂದರಲ್ಲಿ ಬಿಡುವಿಲ್ಲದ ಕೆಲಸ.

"ನೀನು ಟೀವೀಲಿ ನರ್ಸಾಗಿದ್ದೆ, ನಾನು ಇಲ್ಲಿ ನರ್ಸಾಗಿದ್ದೆ," ಅಂದಳು ಯೂಲಾ. "ಚುಚ್ಚೋಕೆ ಹೇಳ್ತಿಲ್ಲ. ಕೇಳಿಲ್ಲಿ. ಅವಳಿಗೆ ಮಾತು ತಪ್ಪೋಕೆ ಶುರುವಾದಾಗ ನಾನು ಚರ್ಚಿಗೆ ಕರ್ಕೊಂಡು ಬರೋದು ನಿಲ್ಲಿಸಿಬಿಟ್ಟೆ. ಯಾರಾದ್ರೂ ಬಂದ್ರೆ ಮಲಗಿದಾಳೆ ಅಂತಿದ್ದೆ. ಇಲ್ಲಿ ಹಾಡೋರ ಗುಂಪಲ್ಲಿ ಮೂವತ್ತು ವರ್ಷ ಹಾಡಿದೋಳು, ಜನ ಆಡ್ಕೊಂಡು ನಗ್ತಾರೆ ಅಂತ ನನಗೆ ನಾಚಿಕೆ. ಅವಳು ಕಿಟಕಿ ಹತ್ರ ಕೂತು, ಇವತ್ತು ಭಾನುವಾರಾನಾ ಅಂತ ಕೇಳೋಳು. ಅಲ್ಲ ಅಂತಿದ್ದೆ. ಆರು ವರ್ಷ ಅವಳಿಗೆ ಭಾನುವಾರಾನೇ ಬರಲಿಲ್ಲ." ನಲ್ಲಿ ನಿಲ್ಲಿಸಿದಳು. "ಮಕ್ಕಳಿಗೆ ನಿಧಾನ ಕಣಮ್ಮ ಅಂತ ಹೇಳೋ ಜನ ಅವಳಿಗೂ ಹೇಳ್ತಿದ್ರು. ನಾನು ಹೇಳಿಸಲಿಲ್ಲ. ಅದಕ್ಕೇ ನಿನ್ನನ್ನ ಕರೆಸಿದ್ದು. ನೀನು ನಿನ್ನನ್ನ ಬಚ್ಚಿಡಬೇಡ."

"ಗೊತ್ತಾದ್ರೆ ಯಾರೂ ಕೆಲಸ ಕೊಡಲ್ಲ ದೊಡ್ಡಮ್ಮ."

"ಕೊಡದೆ ಇರಬಹುದು."

"ಈ ಒಂದು ಪಾತ್ರಕ್ಕೆ ಎಷ್ಟು ವರ್ಷ ಕಾದಿದೀನಿ ಗೊತ್ತಾ ನಿನಗೆ?"

"ಗೊತ್ತು. ನಿನ್ನ ನ್ಯಾಯಾಧೀಶೇನ ಹನ್ನೊಂದು ಸಲಾನೂ ನೋಡಿದೀನಲ್ಲ, ಒಂದು ಸಲಾನೂ ಪೂರ್ತಿ ಮಾತಾಡೋಕೆ ಬಿಡಲಿಲ್ಲ ಅವರು ನಿನಗೆ." ಯೂಲಾ ಕೈ ಒರೆಸಿಕೊಂಡು, ಕೈಚೀಲ ತೆರೆದು, ಕಿವಿಯ ಯಂತ್ರ ತೆಗೆದು ಕಟ್ಟೆಯ ಮೇಲಿಟ್ಟಳು. ಅದಕ್ಕೆ ಪೆಪ್ಪರ್‌ಮಿಂಟು ಅಂಟಿತ್ತು. "ತಗೋ. ಬೇಕಾದ್ರೆ ಹಾಕ್ಕೋ. ಆದ್ರೆ ಇವತ್ತು ಮಾತು ಎತ್ತಿಕೊಟ್ಟದ್ದು ಇದಲ್ಲ."

ಡೆಲ್ಫೀನ್ ಹೊರಗೆ ಬಂದಾಗ ಜ್ಯುವೆಲ್ ಇನ್ನೂ ಅಲ್ಲೇ ಕೂತು, ಇಡೀ ಕಥೆಯನ್ನು ತಡವಾಗಿ ಬಂದವರಿಗೆ ಹೊಸದಾಗಿ ಹೇಳುತ್ತಿದ್ದಳು.

"ಜ್ಯುವೆಲ್, ನಾನು ಬೇಕಂತ ನಿಲ್ಲಿಸಲಿಲ್ಲ," ಅಂದಳು ಡೆಲ್ಫೀನ್. "ಮರೆತುಹೋಯ್ತು. ಎರಡು ವರ್ಷದಿಂದ ಮರೆತುಹೋಗ್ತಿದೆ. ನಮ್ಮಮ್ಮನಿಗೆ ಇತ್ತಲ್ಲ, ಅದೇ."

ಜ್ಯುವೆಲ್ ಕೋಳಿಕಾಲನ್ನು ತಟ್ಟೆಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಪಕ್ಕದ ಕುರ್ಚಿ ಎಳೆದು ಡೆಲ್ಫೀನಳನ್ನು ಕೂರಿಸಿ, ಅವಳ ತಟ್ಟೆಗೆ ಒಂದು ತುಂಡು ಕೇಕು ಹಾಕಿದಳು. ಆಮೇಲೆ, "ಆವತ್ತು ನಿನ್ನ ಪದ್ಯ ನಾನು ಹೇಳಬಾರದಾಗಿತ್ತು ಕಣೇ. ನೀನು ಬಾಗಿಲ ಹಿಂದೆಯೇ ನಿಂತಿದ್ದೆ. ನಾನು ನೋಡಿದ್ದೆ," ಅಂದಳು.

"ಈಗ ಹೇಳ್ತಿದೀಯ?"

"ನಿಧಾನವಾಗಿ ಹೇಳು ಅಂದ್ರಲ್ಲ ಎಲ್ಲರೂ," ಅಂದಳು ಜ್ಯುವೆಲ್. ಇಬ್ಬರಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಸೋಮವಾರ ಬೆಳಿಗ್ಗೆ ಡೆಲ್ಫೀನ್ ಜಗಲಿಯಲ್ಲಿ ಕೂತು ಇವೆಟ್‌ಗೆ ಫೋನು ಮಾಡಿ, ಡಾಕ್ಟರ ಕಾಗದವನ್ನು ಬಿಚ್ಚಿ ಮೊದಲಿನಿಂದ ಕೊನೆಯವರೆಗೆ ಓದಿದಳು. ಇವೆಟ್ ಏನೇನೋ ಹೇಳಿದಳು: ಸದ್ಯಕ್ಕೆ ಯಾರಿಗೂ ಹೇಳುವುದು ಬೇಡ, ಮೊಣಕಾಲು ನೋವು ಅಂದು ಪಾತ್ರ ಬಿಟ್ಟುಬಿಡೋಣ.

"ಬೇಡ. ಪಾತ್ರ ನನಗೆ ಬೇಕು," ಅಂದಳು ಡೆಲ್ಫೀನ್. "ಒಂದು ಷರತ್ತು ಬರ್ಕೋ. ರೊಷೆಲ್ ನಾಟಕದ ಪುಸ್ತಕ ಹಿಡ್ಕೊಂಡು ಮೊದಲ ಸಾಲಲ್ಲಿ ಕೂತಿರ್ತಾಳೆ. ಪರದೆ ಹಿಂದೆ ಅಲ್ಲ, ಜನರ ಮಧ್ಯೆ, ದೀಪ ಹಾಕ್ಕೊಂಡು. ನಾನು ನಿಂತುಹೋದ್ರೆ ಜೋರಾಗಿ ಓದಿ ಹೇಳ್ತಾಳೆ. ನೋಡೋರಿಗೆ ಮೊದಲೇ ತಿಳಿಸಿರಬೇಕು."

"ಒಪ್ಪಲ್ಲ ಅವರು, ಡೆಲ್ಫೀನ್."

"ಒಪ್ಪದಿದ್ರೆ ಬೇಡ. ರೊಷೆಲ್ ಇದ್ರೆ ನಾನು, ಇಲ್ಲದಿದ್ರೆ ಇಲ್ಲ. ಇದನ್ನ ಮುಂಚೆಯೂ ಹೇಳಿದೀನಿ ನಾನು."

ಒಂಬತ್ತು ದಿನ ಸುದ್ದಿಯಿರಲಿಲ್ಲ. ಹತ್ತನೆಯ ದಿನ ಬಂತು. ಒಪ್ಪಿದ್ದರು, ಪೂರ್ತಿಯಾಗಿ ಅಲ್ಲ. ಐವತ್ತು ಪ್ರದರ್ಶನದಲ್ಲಿ ಅವಳಿಗೆ ಇಪ್ಪತ್ತು, ಉಳಿದದ್ದು ಇನ್ನೊಬ್ಬ ನಟಿಗೆ. ಭಿತ್ತಿಪತ್ರದಲ್ಲಿ ಇಬ್ಬರ ಹೆಸರೂ ಒಂದೇ ಅಳತೆಯಲ್ಲಿ. ಡೆಲ್ಫೀನಳಿಗೆ ಸಂಕಟವಾಯಿತು. ಮರುದಿನ ಸಹಿ ಹಾಕಿದಳು.

ಸೆಪ್ಟೆಂಬರಿನಲ್ಲಿ ಶಿಕಾಗೋದಲ್ಲಿ ಪುಸ್ತಕ ಕೆಳಗಿಟ್ಟು ಅಭ್ಯಾಸ ಮಾಡುವ ಮೊದಲ ದಿನ. ಹನ್ನೊಂದು ಜನ ನಟರು, ಹೆಚ್ಚಿನವರು ಅವಳ ಹಾಗೆಯೇ ಯಾವುದೋ ಊರಿನ ಯಾವುದೋ ಚರ್ಚಿನ ಮೆಟ್ಟಿಲ ಮೇಲೆ ಈಸ್ಟರ್ ಪದ್ಯ ಹೇಳಿ ಬೆಳೆದು ಬಂದವರು. ಶುರುಮಾಡುವ ಮೊದಲು ಡೆಲ್ಫೀನ್ ಎಲ್ಲರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೊದಲ ಸಾಲಿನಲ್ಲಿ ರೊಷೆಲ್ ಕನ್ನಡಕ ಏರಿಸಿಕೊಂಡು, ಪುಸ್ತಕ ತೊಡೆಯ ಮೇಲಿಟ್ಟು, ಸಣ್ಣ ದೀಪ ಹಾಕಿಕೊಂಡು ಕೂತಿದ್ದಳು.

ಇಪ್ಪತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಶಾಸನಸಭೆಯಲ್ಲಿ ಮೊದಲ ಸಲ ಎದ್ದು ನಿಲ್ಲುವ ಕಡೆ, "ಅಧ್ಯಕ್ಷರೇ" ಎಂದು ಕರೆದು, ಅವಳು ನಿಂತುಹೋದಳು. ಮುಂದೆ ಏನೂ ಇರಲಿಲ್ಲ. ನಿರ್ದೇಶಕ ಪೆನ್ಸಿಲ್ ಎತ್ತಿದ. ಅವನು ಬಾಯಿ ಬಿಡುವುದರೊಳಗೆ ಗೋಡೆಗೆ ಒರಗಿ ನಿಂತಿದ್ದ ವಯಸ್ಸಾದ ನಟನೊಬ್ಬ ತನ್ನಷ್ಟಕ್ಕೆ ಅನ್ನುವ ಹಾಗೆ, "ಪರವಾಗಿಲ್ಲ ಕಣಮ್ಮ," ಅಂದ. "ನಿಧಾನವಾಗಿ ಹೇಳು," ಅಂದಳು ಇನ್ನೊಬ್ಬಳು. ಪಕ್ಕದಲ್ಲಿ ಬಾಗಿಲು ತೆರೆದೇ ಇತ್ತು. ಡೆಲ್ಫೀನ್ ಆ ಕಡೆ ನೋಡಲಿಲ್ಲ.

ಕಾದಳು. ಸಾಲು ಬರಲಿಲ್ಲ. ರೊಷೆಲ್ ಜೋರಾಗಿ ಓದಿ ಹೇಳಿದಳು. ಡೆಲ್ಫೀನ್ ನಿಂತಲ್ಲೇ ನಿಂತು, ಅದನ್ನು ಅವಳಿಗಿಂತ ಜೋರಾಗಿ, ಕೊನೆಯ ಬೆಂಚಿಗೂ ಕೇಳಿಸುವ ಹಾಗೆ ಹೇಳಿ, ಮುಂದಿನ ಸಾಲಿಗೆ ಹೋದಳು.